ಗುಮ್ಮನನ್ನು ತೋರಿಸಿ ಆಳುವವರು: ಹೆದರಿಕೆಯ ಪ್ರಚಾರವನ್ನು ಬಿಚ್ಚಿ ನೋಡುವ ಕ್ರಮ

1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲಿನ ಊರುಗಳಲ್ಲೂ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಹೊತ್ತು ದೆವ್ವವೊಂದು ಬಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ, ಬಾಗಿಲು ತೆಗೆದವರ ಕತೆ ಮುಗಿಯಿತು ಎಂಬ ಪುಕಾರು. ಬಾಗಿಲ ಮೇಲಿನದನ್ನು ಓದಿಕೊಂಡು ದೆವ್ವ ವಾಪಸು ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಕನ್ನಡ ಓದಲು ಬರುವ, ಆದರೆ ನಿನ್ನೆಯದು ನೆನಪಿರದ ದೆವ್ವ! ಆ ಹೆದರಿಕೆಗೆ ಜನ ಕಂಡುಕೊಂಡ ಮದ್ದು ಒಂದು ತುಂಡು ಸೀಮೆಸುಣ್ಣ. ಅದರಿಂದ ಯಾರ ಅಧಿಕಾರವೂ ಬೆಳೆಯಲಿಲ್ಲ, ಯಾವ ಕಾನೂನೂ ಬದಲಾಗಲಿಲ್ಲ.

ಗಾಳಿಸುದ್ದಿಗೂ ಆಳುವವರ ಪ್ರಚಾರಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿಂದಲೇ ಹಿಡಿಯಬಹುದು. ಗುಮ್ಮ ಎರಡರಲ್ಲೂ ಇರುತ್ತಾನೆ. ಆದರೆ ಆಳುವವರು ಗುಮ್ಮನನ್ನು ತೋರಿಸುವಾಗ ಮದ್ದನ್ನೂ ಜೊತೆಗೇ ತಂದಿರುತ್ತಾರೆ, ಆ ಮದ್ದು ಅವರ ಅಂಗಡಿಯಲ್ಲಿ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ.

ಯಾವ ಪಕ್ಷದ, ಯಾವ ದೇಶದ ನಾಯಕರ ಮಾತಿಗೂ ಬಳಸಬಹುದಾದ ಕ್ರಮವೊಂದು ಇಲ್ಲಿದೆ. ಬೇಕಾಗುವುದು ಒಂದು ನೋಟ್‌ಬುಕ್, ಫೋನು, ಅರ್ಧ ಗಂಟೆ. ಮೊದಲ ಸಲ ನಿಮಗೆ ಇಷ್ಟವಾದ ನಾಯಕರ ಭಾಷಣದ ಮೇಲೇ ಪ್ರಯೋಗಿಸಿ. ಆಗದವರ ಮಾತಿನಲ್ಲಿ ಹುಳುಕು ಹುಡುಕಲು ಮಾರ್ಗದರ್ಶಿ ಬೇಕಿಲ್ಲ.

ಹಂತ 1: ರೋಗದ ವರ್ಣನೆ ಬಿಡಿ, ಮದ್ದಿನ ಚೀಟಿ ಓದಿ

ಹೆದರಿಸುವ ಭಾಷಣದಲ್ಲಿ ಮುಕ್ಕಾಲು ಪಾಲು ಅಪಾಯದ ವರ್ಣನೆಯೇ ಇರುತ್ತದೆ. ನಮ್ಮ ಗಮನವೂ ಅಲ್ಲೇ ನಿಂತುಬಿಡುತ್ತದೆ. ಅದನ್ನು ಸದ್ಯಕ್ಕೆ ಬದಿಗಿಡಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಿರಿ: ಏನು ಕೇಳುತ್ತಿದ್ದಾರೆ? ಅದು ಸಿಕ್ಕಿದರೆ ಯಾರ ಕೈ ಗಟ್ಟಿಯಾಗುತ್ತದೆ? ಯಾರ ಮೇಲೆ ಅನ್ವಯವಾಗುತ್ತದೆ? ಯಾವ ತಾರೀಕಿಗೆ ಮುಗಿಯುತ್ತದೆ?

ಈ ನಾಲ್ಕು ಪ್ರಶ್ನೆಗಳಿಗೆ ಅತ್ಯಂತ ಸ್ಪಷ್ಟವಾದ ಮಾದರಿ 1933ರ ಜರ್ಮನಿಯಲ್ಲಿ ಸಿಗುತ್ತದೆ. ಆ ವರ್ಷ ಜನವರಿ 30ರಂದು ಹಿಟ್ಲರ್ ಚಾನ್ಸೆಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದ. ಫೆಬ್ರವರಿ 27ರ ರಾತ್ರಿ ಬರ್ಲಿನ್ನಿನ ಸಂಸತ್ ಭವನ ರೈಖ್‌ಸ್ಟಾಗ್‌ಗೆ ಬೆಂಕಿ ಬಿತ್ತು. ಮಾರಿನಸ್ ವಾನ್ ಡರ್ ಲುಬ್ಬ ಎಂಬ 24 ವರ್ಷದ ಡಚ್ ಯುವಕ ಸ್ಥಳದಲ್ಲೇ ಸಿಕ್ಕಿಬಿದ್ದ. ಇದು ಕಮ್ಯುನಿಸ್ಟ್ ದಂಗೆಯ ಮೊದಲ ಹೆಜ್ಜೆ ಎಂದು ಸರ್ಕಾರ ಸಾರಿತು. ಮರುದಿನವೇ ಅಧ್ಯಕ್ಷ ಹಿಂಡೆನ್‌ಬರ್ಗ್ ಸಂವಿಧಾನದ 48ನೇ ವಿಧಿಯಡಿ ತುರ್ತು ಆಜ್ಞೆಗೆ ಸಹಿ ಹಾಕಿದರು.

ಆ ಆಜ್ಞೆ ಚಿಕ್ಕದು. ಪೀಠಿಕೆಯಲ್ಲಿ ಕಮ್ಯುನಿಸ್ಟರ ಹಿಂಸಾಕೃತ್ಯಗಳನ್ನು ತಡೆಯಲು ಎಂದಿದೆ. ಆದರೆ ಅದರ ಕೆಳಗೆ ಅಮಾನತಾದ ಸಂವಿಧಾನದ ಏಳು ವಿಧಿಗಳು ಕಮ್ಯುನಿಸ್ಟರಿಗೆ ಮಾತ್ರ ಸೇರಿದವಲ್ಲ. ವೈಯಕ್ತಿಕ ಸ್ವಾತಂತ್ರ್ಯ, ಮಾತು, ಪತ್ರಿಕೆ, ಸಭೆ, ಸಂಘ, ಅಂಚೆ ಮತ್ತು ಟೆಲಿಫೋನಿನ ಗುಟ್ಟು, ಮನೆ, ಆಸ್ತಿ, ಎಲ್ಲವೂ ಎಲ್ಲರದೂ ಹೋದವು. ಅವಧಿಯ ಜಾಗದಲ್ಲಿದ್ದ ಮಾತು ನಮ್ಮ ಯಾವುದೇ ಕಚೇರಿಯ ಸುತ್ತೋಲೆ ಓದಿದವರಿಗೆ ಪರಿಚಿತ: ‘ಮುಂದಿನ ಆದೇಶದವರೆಗೆ’. ಆ ಮುಂದಿನ ಆದೇಶ ಬರಲೇ ಇಲ್ಲ. 1945ರಲ್ಲಿ ಆಡಳಿತವೇ ಕುಸಿದುಬೀಳುವ ತನಕ, 12 ವರ್ಷ, ಆ ಆಜ್ಞೆ ಜಾರಿಯಲ್ಲಿತ್ತು.

ಪೀಠಿಕೆಯಲ್ಲಿ ಒಂದು ಗುಂಪಿನ ಹೆಸರು, ಕಲಮುಗಳಲ್ಲಿ ಎಲ್ಲರ ಹಕ್ಕು. ಈ ಅಂತರ ಕಂಡಾಗ ಅಡಿಗೆರೆ ಎಳೆಯಿರಿ. ಪತ್ರಿಕೆಗಳು ಪೀಠಿಕೆಯನ್ನೇ ತಲೆಬರಹ ಮಾಡುತ್ತವೆ, ಆದ್ದರಿಂದ ಕಾನೂನಿನ ವಿಷಯದಲ್ಲಿ ವರದಿಯನ್ನಷ್ಟೇ ನಂಬದೆ ರಾಜ್ಯಪತ್ರದಲ್ಲಿ ಪ್ರಕಟವಾದ ಮೂಲ ಪಾಠವನ್ನೇ ತೆಗೆದು ನೋಡಿ. ಪದಗಳ ಅರ್ಥ ಹೇಳುವ ‘ಪರಿಭಾಷೆಗಳು’ ಎಂಬ ಭಾಗದಿಂದ ಶುರುಮಾಡಿ. ಯಾರನ್ನು ‘ವಿರೋಧಿ’ ಎಂದು ಕರೆಯಬಹುದು ಎಂಬುದು ಅಲ್ಲಿ ಕುಳಿತಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹೆದರಿಕೆ ಹುಟ್ಟಿಸುವ ಮಾತೆಲ್ಲ ಪ್ರಚಾರವಲ್ಲ. ಹವಾಮಾನ ಇಲಾಖೆ ಚಂಡಮಾರುತದ ಎಚ್ಚರಿಕೆ ಕೊಟ್ಟಾಗ ಯಾವ ಕರಾವಳಿ, ಯಾವ ದಿನ, ಗಾಳಿಯ ವೇಗ ಎಷ್ಟು, ಮೀನುಗಾರರು ಎಲ್ಲಿಯ ತನಕ ಕಡಲಿಗೆ ಇಳಿಯಬಾರದು ಎಂಬುದೆಲ್ಲ ಅದರಲ್ಲಿರುತ್ತದೆ. ನೀವು ಏನು ಮಾಡಬೇಕು ಎಂದು ಅದು ಹೇಳುತ್ತದೆ, ಅವಧಿ ಮುಗಿದ ಮೇಲೆ ತಾನೇ ಸುಮ್ಮನಾಗುತ್ತದೆ. ಪ್ರಚಾರದ ಎಚ್ಚರಿಕೆಯಲ್ಲಿ ನಿಮಗೆ ಮಾಡಲು ಏನೂ ಇರುವುದಿಲ್ಲ. ನಂಬುವುದು, ಹಂಚುವುದು, ಒಪ್ಪಿಗೆ ಕೊಡುವುದು, ಅಷ್ಟೇ.

ಹಂತ 2: ತಾರೀಕುಗಳನ್ನು ಸಾಲಾಗಿ ಇಡಿ

ಒಂದು ಪುಟದಲ್ಲಿ ಎಡಗಡೆ ತಾರೀಕು, ಬಲಗಡೆ ಏನಾಯಿತು ಎಂದು ಬರೆಯಿರಿ. ವಿವರಣೆ, ವಿಶೇಷಣ ಬೇಡ. ಜರ್ಮನಿಯದು ಹೀಗೆ ಕಾಣುತ್ತದೆ. ಫೆಬ್ರವರಿ 27, ಬೆಂಕಿ. 28, ಆಜ್ಞೆ. ಮಾರ್ಚ್ 5, ಚುನಾವಣೆ. 13, ಪ್ರಚಾರಕ್ಕೆಂದೇ ಹೊಸ ಸಚಿವಾಲಯ, ಸಚಿವ ಗೊಬೆಲ್ಸ್. 22, ಮ್ಯೂನಿಕ್ ಹತ್ತಿರದ ಡಖಾವ್‌ನಲ್ಲಿ ಬಂಧನ ಶಿಬಿರ ಆರಂಭ. 23, ಸಂಸತ್ತಿನ ಒಪ್ಪಿಗೆಯಿಲ್ಲದೆ ಕಾನೂನು ಮಾಡುವ ಅಧಿಕಾರ ಸರ್ಕಾರಕ್ಕೆ. ಬೆಂಕಿ ಬಿದ್ದ ದಿನದಿಂದ ಒಟ್ಟು 24 ದಿನ.

ಈ ಪಟ್ಟಿಯ ನಡುವೆ ಒಂದು ಸಂಖ್ಯೆ ಸೇರಿಸಿ ನೋಡಿ. ಮಾರ್ಚ್ 5ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಂದ ಮತ ಶೇ 43.9, ಗೆದ್ದದ್ದು 647ರಲ್ಲಿ 288 ಸ್ಥಾನ. ಬೆಂಕಿಯ ಭಯ, ಸರ್ಕಾರಿ ರೇಡಿಯೊ, ಬೀದಿಯಲ್ಲಿ ನಾಜಿ ಪಕ್ಷದ ಕಂದು ಅಂಗಿಯ ಪಡೆ, ಇಷ್ಟೆಲ್ಲ ಇದ್ದರೂ ಬಹುಮತ ಬರಲಿಲ್ಲ. ‘ಜನರೆಲ್ಲ ಮರುಳಾದರು’ ಎಂಬ ಜನಪ್ರಿಯ ಮಾತಿಗೆ ಇದು ಸರಿಹೊಂದುವುದಿಲ್ಲ. ಕೊರತೆ ತುಂಬಿದ್ದು ಜೈಲು. ಗೆದ್ದಿದ್ದ 81 ಕಮ್ಯುನಿಸ್ಟ್ ಸದಸ್ಯರು ಬಂಧನದಲ್ಲಿದ್ದರು ಅಥವಾ ತಲೆಮರೆಸಿಕೊಂಡಿದ್ದರು. ಸಂಸತ್ತು ಸೇರಿದ್ದ ಕ್ರೋಲ್ ಒಪೆರಾ ಭವನದೊಳಗೆ ಸಮವಸ್ತ್ರದ ಪಡೆ ನಿಂತಿತ್ತು. ಸರ್ಕಾರಕ್ಕೆ ಕಾನೂನು ಮಾಡುವ ಅಧಿಕಾರ ಕೊಟ್ಟ ಮಾರ್ಚ್ 23ರ ಮಸೂದೆಯ ಪರ 444, ವಿರುದ್ಧ 94. ಆ 94 ಮಂದಿಯೂ ಸೋಷಿಯಲ್ ಡೆಮಾಕ್ರಟರು. ಪ್ರಚಾರದ ಕೆಲಸ ಎಲ್ಲರನ್ನೂ ನಂಬಿಸುವುದಲ್ಲ. ಕೆಲವರನ್ನು ನಂಬಿಸಿ, ಉಳಿದವರಿಗೆ ‘ಎಲ್ಲರೂ ನಂಬಿದ್ದಾರೆ’ ಅನ್ನಿಸುವ ಹಾಗೆ ಮಾಡಿದರೆ ಸಾಕು.

ಈ ಹಂತದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ತಾರೀಕುಗಳು ಹೊಂದಿಕೊಂಡವು ಎಂದ ಕೂಡಲೇ ‘ಹಾಗಾದರೆ ಬೆಂಕಿ ಹಚ್ಚಿದವರೂ ಇವರೇ’ ಎಂದು ತೀರ್ಮಾನಿಸಿಬಿಡುತ್ತಾರೆ. ರೈಖ್‌ಸ್ಟಾಗ್ ಬೆಂಕಿಯ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ನಿಂತಿಲ್ಲ. ವಾನ್ ಡರ್ ಲುಬ್ಬ ಒಬ್ಬನೇ ಮಾಡಿದ ಎನ್ನುವವರೇ ಹಲವರು. ಆ ಜಗಳ ಬಗೆಹರಿಸದೆಯೂ ನಿಮ್ಮ ಕೆಲಸ ನಡೆಯುತ್ತದೆ. ಘಟನೆ ನಿಜವೇ ಇರಲಿ, ಅದಕ್ಕೂ ಕೇಳಿದ ಅಧಿಕಾರಕ್ಕೂ ಅಳತೆ ಹೊಂದುತ್ತದೆಯೇ ಎಂದು ನೋಡಿ. ಒಂದು ಕಟ್ಟಡಕ್ಕೆ ಬೆಂಕಿ ಹಚ್ಚಿದವನನ್ನು ಶಿಕ್ಷಿಸಲು ಇಡೀ ದೇಶದ ಅಂಚೆ ಒಡೆದು ಓದಬೇಕಿರಲಿಲ್ಲ. ಅಂದ ಹಾಗೆ, ಜೊತೆಗೆ ಆರೋಪಿಗಳಾಗಿದ್ದ ನಾಲ್ವರು ಕಮ್ಯುನಿಸ್ಟರನ್ನು ಲೈಪ್‌ಜಿಗ್‌ನ ನ್ಯಾಯಾಲಯ ಅದೇ ಡಿಸೆಂಬರಿನಲ್ಲಿ ಖುಲಾಸೆ ಮಾಡಿತು. ಅಷ್ಟರಲ್ಲಿ ಆ ತೀರ್ಪಿನಿಂದ ಏನೂ ಬದಲಾಗುವ ಹಾಗಿರಲಿಲ್ಲ. ವಾನ್ ಡರ್ ಲುಬ್ಬನಿಗೆ ಮರಣದಂಡನೆಯಾಯಿತು. ಬೆಂಕಿ ಬಿದ್ದ ದಿನ ಆ ಅಪರಾಧಕ್ಕೆ ಮರಣದಂಡನೆಯೇ ಇರಲಿಲ್ಲ, ಕಾನೂನನ್ನು ಆಮೇಲೆ ಮಾಡಿ ಹಿಂದಿನ ತಾರೀಕಿಗೆ ಅನ್ವಯಿಸಿದರು.

ಹಂತ 3: ಮನುಷ್ಯರಿಗೆ ಇಟ್ಟ ಹೆಸರುಗಳನ್ನು ಗುರುತು ಹಾಕಿ

ಭಾಷಣದ ಪಠ್ಯ ಸಿಕ್ಕರೆ ಪ್ರಿಂಟ್ ತೆಗೆದು ಎರಡು ಬಣ್ಣದ ಪೆನ್ನು ಹಿಡಿಯಿರಿ. ಒಂದರಲ್ಲಿ ಹೆಸರು ಹಿಡಿದು ಹೇಳಿದ ವ್ಯಕ್ತಿಗಳನ್ನು, ಇನ್ನೊಂದರಲ್ಲಿ ‘ಅವರು’, ‘ಅಂಥವರು’, ‘ಈ ಜನ’ ಎಂಬ ಬಹುವಚನಗಳನ್ನು ಗುರುತಿಸಿ. ಎರಡನೇ ಬಣ್ಣ ಹೆಚ್ಚಾದಷ್ಟೂ ಆರೋಪ ಪರೀಕ್ಷೆಗೆ ಸಿಗದಂತಾಗುತ್ತದೆ. ಒಬ್ಬನ ಮೇಲಿನ ಆರೋಪಕ್ಕೆ ಎಫ್‌ಐಆರ್ ಇರುತ್ತದೆ, ಸಾಕ್ಷಿ ಇರುತ್ತದೆ, ಖುಲಾಸೆಯೂ ಇರಬಹುದು. ‘ಅವರ’ ಮೇಲಿನ ಆರೋಪಕ್ಕೆ ಖುಲಾಸೆ ಇಲ್ಲ.

ಬಳಿಕ ಹುಳ, ಜಿರಲೆ, ಗೆದ್ದಲು, ಇಲಿ, ಕ್ಯಾನ್ಸರ್ ಎಂಬ ಜಾತಿಯ ಪದಗಳಿವೆಯೇ ನೋಡಿ. ಇಂಥವುಗಳ ಜೊತೆ ಬರುವ ಕ್ರಿಯಾಪದ ಮೊದಲೇ ನಿಗದಿಯಾಗಿರುತ್ತದೆ. ಜಿರಲೆಯೊಂದಿಗೆ ಯಾರೂ ಮಾತುಕತೆ ನಡೆಸುವುದಿಲ್ಲ, ಔಷಧಿ ಹೊಡೆಯುತ್ತಾರೆ. ಆಫ್ರಿಕಾದ ರುವಾಂಡಾದಲ್ಲಿ 1993ರ ಜುಲೈನಲ್ಲಿ ಶುರುವಾದ ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೊ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನರನ್ನು ‘ಇನ್ಯೆಂಜಿ’ ಎಂದು ಕರೆಯುತ್ತಿತ್ತು, ಅಂದರೆ ಜಿರಲೆ. ಅದು ಗದರುವ ದನಿಯಲ್ಲಿ ಶುರುವಾದದ್ದಲ್ಲ. ಸರ್ಕಾರಿ ರೇಡಿಯೊದ ಬಿಗುಮಾನಕ್ಕೆ ಬೇಸತ್ತಿದ್ದ ಹುಡುಗರಿಗೆ ಒಳ್ಳೆಯ ಹಾಡು, ಹರಟೆ, ಚಟಾಕಿ ಕೊಟ್ಟು ಕಿವಿ ಗೆದ್ದುಕೊಂಡಿತು. ಬೈಗುಳ ಮೊದಲು ಚಟಾಕಿಯ ನಡುವೆ ನುಸುಳಿತು. 1994ರ ಏಪ್ರಿಲ್ 6ರಂದು ಅಧ್ಯಕ್ಷರ ವಿಮಾನ ಉರುಳಿದ ಮೇಲೆ ಅದೇ ದನಿಗಳು ಯಾರನ್ನು ಎಲ್ಲಿ ಹುಡುಕಬೇಕೆಂದು ಹೇಳತೊಡಗಿದವು. ಸುಮಾರು 100 ದಿನಗಳಲ್ಲಿ ಲಕ್ಷಾಂತರ ಜನರ ಕೊಲೆಯಾಯಿತು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೊ ಕಟ್ಟಿದವರಿಗೂ ಅದೇ ಧಾಟಿಯ ಪತ್ರಿಕೆಯೊಂದರ ಸಂಪಾದಕನಿಗೂ ಶಿಕ್ಷೆ ವಿಧಿಸಿತು.

ಹಾಗಾಗಿ ನಗು ಬರಿಸುವ ಕಾರ್ಯಕ್ರಮಗಳನ್ನೂ ಈ ಪರೀಕ್ಷೆಗೆ ಒಡ್ಡಿ. ‘ತಮಾಷೆಗೆ ಹೇಳಿದ್ದು’ ಎಂಬ ಸಮಜಾಯಿಷಿ ಬಂದರೆ ಅದೇ ವಾಕ್ಯದಲ್ಲಿ ನಿಮ್ಮ ಜಾತಿಯನ್ನೋ ಊರನ್ನೋ ಇಟ್ಟು ಗಟ್ಟಿಯಾಗಿ ಓದಿ.

ಹಂತ 4: ಸಾಕ್ಷಿ ಹೇಳಿದವರು ಯಾರು, ಕರೆತಂದವರು ಯಾರು

ಪ್ರಚಾರ ಸರ್ವಾಧಿಕಾರಿಗಳ ಕಸುಬು ಮಾತ್ರ ಎಂದುಕೊಂಡವರು ಈ ಪ್ರಕರಣ ನೋಡಬೇಕು. ಇರಾಕ್ ಕುವೈತನ್ನು ಆಕ್ರಮಿಸಿಕೊಂಡಿದ್ದ ಸಮಯ, 1990ರ ಅಕ್ಟೋಬರ್ 10ರಂದು ಅಮೆರಿಕದ ಸಂಸತ್ ಸದಸ್ಯರ ಮಾನವ ಹಕ್ಕುಗಳ ಕೂಟವೊಂದರ ಮುಂದೆ 15 ವರ್ಷದ ಹುಡುಗಿಯೊಬ್ಬಳು ಅಳುತ್ತ ಹೇಳಿಕೆ ಕೊಟ್ಟಳು. ಇರಾಕಿ ಸೈನಿಕರು ಕುವೈತಿನ ಆಸ್ಪತ್ರೆಗೆ ನುಗ್ಗಿ ಎಳೆಗೂಸುಗಳನ್ನು ಇನ್‌ಕ್ಯುಬೇಟರಿನಿಂದ ತೆಗೆದು ತಣ್ಣನೆ ನೆಲದ ಮೇಲೆ ಸಾಯಲು ಬಿಟ್ಟರು ಎಂದಳು. ಹೆಸರು ನಯೀರಾ ಎಂದಷ್ಟೇ ತಿಳಿಸಿದ್ದರು. ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಆ ಮಾತನ್ನು ಮತ್ತೆ ಮತ್ತೆ ಬಳಸಿದರು. 1991ರ ಜನವರಿಯಲ್ಲಿ ಅಮೆರಿಕದ ಸೆನೆಟ್ 52–47ರಿಂದ ಇರಾಕ್ ವಿರುದ್ಧದ ಯುದ್ಧಕ್ಕೆ ಒಪ್ಪಿತು. ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಹೇಳಿಕೆಯ ಹಿಂದೆ ಕುವೈತ್ ಪರವಾಗಿ ಹಣ ಪಡೆದ ಸಾರ್ವಜನಿಕ ಸಂಪರ್ಕ ಕಂಪನಿ ಇತ್ತು ಎಂಬುದು ಬಯಲಾದದ್ದು 1992ರಲ್ಲಿ, ಯುದ್ಧ ಮುಗಿದ ಮೇಲೆ. ಇನ್‌ಕ್ಯುಬೇಟರ್ ಕತೆಗೆ ಆಧಾರ ಸಿಗಲಿಲ್ಲ.

ಇರಾಕಿ ಸೇನೆ ಕುವೈತಿನಲ್ಲಿ ಕೊಲೆ, ಲೂಟಿ ಮಾಡಿದ್ದು ಮಾತ್ರ ನಿಜ. ಸುಳ್ಳು ಆ ನಿಜದ ಹೆಗಲೇರಿ ಬಂದಿತ್ತು, ಅದಕ್ಕೇ ಯಾರೂ ಇಳಿಸಿ ನೋಡಲಿಲ್ಲ. ಹೀಗಾಗಿ ‘ಇದರಲ್ಲಿ ನಿಜ ಇದೆಯೇ’ ಎಂದು ಇಡಿಯಾಗಿ ಕೇಳುವುದು ಉಪಯೋಗವಿಲ್ಲ. ಹೇಳಿಕೆಯನ್ನು ತುಂಡು ಮಾಡಿ. ಯಾವ ತುಂಡಿಗೆ ಎರಡನೆಯ ಮೂಲ ಇದೆ? ಆ ಎರಡನೆಯದು ಸ್ವತಂತ್ರವೋ, ಮೊದಲನೆಯದನ್ನೇ ನಕಲು ಮಾಡಿದ್ದೋ? ಹತ್ತು ಚಾನೆಲ್ಲುಗಳು ಒಂದೇ ತುಣುಕು ತೋರಿಸಿದರೆ ಅದು ಹತ್ತು ಸಾಕ್ಷಿಯಾಗುವುದಿಲ್ಲ, ಒಂದೇ ಸಾಕ್ಷಿ.

ಹಂತ 5: ಶೇಕಡಾವಾರು ಲೆಕ್ಕಕ್ಕೆ ಕಡಿವಾಣ

ಇದು ಬೇಗ ಮುಗಿಯುವ ಕೆಲಸ. ‘ಅಪರಾಧ ಶೇ 150ರಷ್ಟು ಏರಿಕೆ’ ಎಂದರೆ ಮೂರು ಪ್ರಶ್ನೆ ಕೇಳಿ: ಎಷ್ಟರಿಂದ ಎಷ್ಟಕ್ಕೆ, ಯಾವ ಅವಧಿಯಲ್ಲಿ, ಎಷ್ಟು ಜನರಿರುವ ಜಾಗದಲ್ಲಿ. ತಾಲ್ಲೂಕಿನಲ್ಲಿ ಕಳೆದ ವರ್ಷ 2 ಮನೆಗಳ್ಳತನ, ಈ ವರ್ಷ 5 ಆಗಿದ್ದರೂ ಏರಿಕೆ ಶೇ 150. ದೊಡ್ಡ ಸಂಖ್ಯೆಯಲ್ಲಿ ಹೆದರಿಸಿದರೆ ತಿರುಗಿಸಿ ಭಾಗಿಸಿ: 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ, ರಾಜ್ಯದಲ್ಲಿ 611 ಪ್ರಕರಣ ಎಂದರೆ ಲಕ್ಷಕ್ಕೆ ಒಂದು. ಹಾಗೆಂದು ಆ 611 ಮನೆಗಳ ನೋವು ಸಣ್ಣದಾಗುವುದಿಲ್ಲ. ಆದರೆ ಅದಕ್ಕೆ ಕೇಳುವ ಮದ್ದಿನ ಪ್ರಮಾಣ ಬೇರೆಯಾಗುತ್ತದೆ.

ಇಲಾಖೆಯಲ್ಲೇ ಅಂಕಿ ಬೇಕಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಿದರೂ ನಡೆಯುತ್ತದೆ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಹೀಗಾಯಿತು’ ಎಂದು ವಿವರಣೆ ಕೇಳಿದರೆ ಅರ್ಜಿ ತಿರಸ್ಕಾರವಾಗಬಹುದು. ದಾಖಲೆಯ ಪ್ರತಿ ಕೇಳಿ, ಅಭಿಪ್ರಾಯ ಕೇಳಬೇಡಿ.

ಹಂತ 6: ಫೋನಿಗೆ ಬಂದದ್ದನ್ನು ಫೋನಿನಲ್ಲೇ ಪರೀಕ್ಷಿಸಿ

2012ರ ಆಗಸ್ಟ್ ಮಧ್ಯದಲ್ಲಿ ಬೆಂಗಳೂರು ಸಿಟಿ ರೈಲು ನಿಲ್ದಾಣದಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಚೀಲ ಹೊತ್ತು ಗುವಾಹಟಿ ರೈಲಿಗೆ ಕಾದಿದ್ದರು. ಅಸ್ಸಾಮಿನ ಹಿಂಸೆಗೆ ಸೇಡಾಗಿ ರಂಜಾನ್ ಮುಗಿಯುತ್ತಿದ್ದಂತೆ ಇಲ್ಲಿ ದಾಳಿ ನಡೆಯುತ್ತದೆ ಎಂಬ ಎಸ್‌ಎಂಎಸ್‌ಗಳೇ ಅದಕ್ಕೆ ಕಾರಣ. ರೈಲ್ವೆ ವಿಶೇಷ ರೈಲು ಬಿಡಬೇಕಾಯಿತು. ಸರ್ಕಾರ ದೇಶದಾದ್ಯಂತ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಕೆಲವು ದಿನ ಮಿತಿ ಹಾಕಿತು. ಅದೇ ತಿಂಗಳುಗಳಲ್ಲಿ ಕೆಂಪು ವಸ್ತ್ರದ ಬೌದ್ಧ ಭಿಕ್ಷುಗಳು ಹೆಣಗಳ ರಾಶಿಯ ನಡುವೆ ನಿಂತ ಚಿತ್ರವೊಂದು ‘ಬರ್ಮಾದಲ್ಲಿ ಮುಸ್ಲಿಮರ ಹತ್ಯೆ’ ಎಂಬ ಶೀರ್ಷಿಕೆ ಹೊತ್ತು ಹರಿದಾಡಿತು. ಅದು 2010ರ ಏಪ್ರಿಲಿನಲ್ಲಿ ಚೀನಾದ, ಟಿಬೆಟನ್ನರಿರುವ ಯುಶು ಪ್ರದೇಶದಲ್ಲಾದ ಭೂಕಂಪದ ಚಿತ್ರ. ಭಿಕ್ಷುಗಳು ಅಲ್ಲಿ ಸತ್ತವರ ಅಂತ್ಯಸಂಸ್ಕಾರಕ್ಕೆ ನಿಂತಿದ್ದರು. ಚಿತ್ರ ಅಸಲಿ, ಶೀರ್ಷಿಕೆ ನಕಲಿ. ಈಗಲೂ ಇಂಥವೇ ಹೆಚ್ಚು.

ಆದ್ದರಿಂದ ‘ಚಿತ್ರ ತಿದ್ದಿದ್ದಾರೆಯೇ’ ಎಂದು ಕಣ್ಣು ಕಿರಿದು ಮಾಡಿ ನೋಡುವ ಮುನ್ನ ‘ಇದು ಮೊದಲು ಎಲ್ಲಿ ಕಾಣಿಸಿಕೊಂಡಿತು’ ಎಂದು ಹುಡುಕಿ. ಸ್ಕ್ರೀನ್‌ಶಾಟ್ ತೆಗೆದು, ಮೇಲಿನ ಬರಹ, ಲೋಗೊ, ಬಾಣದ ಗುರುತುಗಳನ್ನು ಕತ್ತರಿಸಿ, ಗೂಗಲ್ ಲೆನ್ಸ್‌ಗೆ ಹಾಕಿ. ಬರಹ ಉಳಿಸಿಕೊಂಡರೆ ಯಂತ್ರ ಆ ಬರಹವನ್ನೇ ಹುಡುಕಿ ಅದೇ ಸುಳ್ಳನ್ನು ಮತ್ತೆ ನಿಮ್ಮ ಮುಂದಿಡುತ್ತದೆ. ಬಹಳಷ್ಟು ಜನ ಇಲ್ಲೇ ಸೋತು ‘ಹುಡುಕಿದೆ, ನಿಜವೇ ಇದೆ’ ಎಂದುಬಿಡುತ್ತಾರೆ. ಸಿಕ್ಕ ಫಲಿತಾಂಶಗಳಲ್ಲಿ ಅತ್ಯಂತ ಹಳೆಯದನ್ನು ತೆರೆಯಿರಿ. ವಿಡಿಯೋ ಆದರೆ ಅಂಗಡಿ ಬೋರ್ಡು, ವಾಹನದ ನಂಬರ್ ಪ್ಲೇಟು, ಪೊಲೀಸರ ಸಮವಸ್ತ್ರ ಕಾಣುವ ಕಡೆ ನಿಲ್ಲಿಸಿ ಮೂರು ನಾಲ್ಕು ಚಿತ್ರ ತೆಗೆದುಕೊಳ್ಳಿ. ಬೋರ್ಡಿನ ಲಿಪಿ ಯಾವುದೆಂದು ನೋಡಿದರೇ ಅರ್ಧ ಸುಳ್ಳುಗಳು ಉದುರುತ್ತವೆ.

ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಾಣದ ಗುರುತು ಇದ್ದರೆ ಆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಸಾಧ್ಯ. ಆದರೆ ಯಾರೋ ಪಠ್ಯವನ್ನು ಕಾಪಿ ಮಾಡಿ ಹೊಸದಾಗಿ ಅಂಟಿಸಿದರೆ ಗುರುತು ಮಾಯವಾಗುತ್ತದೆ, ಹಾಗಾಗಿ ಬಾಣ ಇಲ್ಲದ್ದನ್ನು ಕಳಿಸಿದವರೇ ಬರೆದದ್ದು ಎಂದು ತಿಳಿಯಬೇಡಿ. ಎಐ ಬಳಸಿ ಮಾಡಿದ ಚಿತ್ರಕ್ಕೆ ಹಳೆಯ ಮೂಲವೇ ಸಿಗುವುದಿಲ್ಲ. ಅಲ್ಲಿ ಬೇರೆ ಪ್ರಶ್ನೆ ಕೇಳಿ: ಇಷ್ಟು ಜನ ಸೇರಿದ ಜಾಗದಲ್ಲಿ ಒಂದೇ ಒಂದು ಫೋನು ಇತ್ತೇ? ನಿಜವಾದ ಗದ್ದಲಕ್ಕೆ ನಾಲ್ಕು ಕೋನದ ನಾಲ್ಕು ವಿಡಿಯೋ ಇದ್ದೇ ಇರುತ್ತವೆ.

ಹಂತ 7: ಯಾರು ಮಾತು ನಿಲ್ಲಿಸಿದರು, ಪಟ್ಟಿ ಮಾಡಿ

ಪ್ರಚಾರದಲ್ಲಿ ಕಿವಿಗೆ ಬೀಳುವುದು ಅರ್ಧ. ಉಳಿದರ್ಧ ನಿಂತುಹೋದ ದನಿಗಳು. ಇದನ್ನು ಅಳೆಯುವುದು ಕಷ್ಟ, ಯಾಕೆಂದರೆ ಇಲ್ಲದಿರುವುದನ್ನು ಹುಡುಕಬೇಕು.

ನಾಜಿ ಸರ್ಕಾರ 1933ರಲ್ಲಿ ‘ಜನರ ರೇಡಿಯೊ’ ಎಂಬ ಅಗ್ಗದ ಸೆಟ್ ಬಿಡುಗಡೆ ಮಾಡಿತು. ಬೆಲೆ 76 ಮಾರ್ಕ್. ಮಾದರಿಯ ಸಂಖ್ಯೆ 301, ಹಿಟ್ಲರ್ ಅಧಿಕಾರಕ್ಕೆ ಬಂದ ಜನವರಿ 30ರ ನೆನಪಿಗೆ. ಮನೆಮನೆಗೆ ದನಿ ತಲುಪಿಸಿದ್ದು ಮೊದಲ ಕೆಲಸ. ಯುದ್ಧ ಶುರುವಾದ ಮೇಲೆ ವಿದೇಶಿ ಕೇಂದ್ರ ಕೇಳುವುದು ಅಪರಾಧವಾಯಿತು, ಅದನ್ನು ನೆನಪಿಸುವ ಚಿಕ್ಕ ಕಾರ್ಡೊಂದನ್ನು ರೇಡಿಯೊದ ಗುಬುಟಿಗೆ ನೇತುಹಾಕುತ್ತಿದ್ದರು. ಕೇಂದ್ರ ಬದಲಿಸಲು ಕೈ ಚಾಚಿದರೆ ಮೊದಲು ಬೆರಳಿಗೆ ತಾಗುವುದು ಕಾರ್ಡು. ಪ್ರತಿ ಮನೆಗೂ ಒಬ್ಬ ಪೊಲೀಸನನ್ನು ಇಡುವಷ್ಟು ಜನ ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊದಲ್ಲಿ ಇರಲಿಲ್ಲ. ಎಷ್ಟೋ ಪ್ರಕರಣಗಳು ಶುರುವಾದದ್ದು ಪಕ್ಕದ ಮನೆಯವರು ಬರೆದ ದೂರಿನಿಂದ, ಆ ದೂರಿನ ಹಿಂದೆ ಹಲವು ಸಲ ಇದ್ದದ್ದು ಸಿದ್ಧಾಂತವಲ್ಲ, ಹಳೆಯ ಜಗಳ.

ನಮ್ಮಲ್ಲಿ 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಗೆ ರಾಷ್ಟ್ರಪತಿಗಳ ಸಹಿ ಬಿತ್ತು. ಸಚಿವ ಸಂಪುಟಕ್ಕೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಆ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳ ಬೀದಿಗೆ ಕರೆಂಟ್ ತೆಗೆದರು. ಮುಂದೆ ಸೆನ್ಸಾರ್ ಬಂತು. ಕೆಲವು ಪತ್ರಿಕೆಗಳು ಸಂಪಾದಕೀಯದ ಜಾಗ ಖಾಲಿ ಬಿಟ್ಟು ಪ್ರತಿಭಟಿಸಿದವು, ಖಾಲಿ ಬಿಡುವುದೂ ಕೂಡದು ಎಂದಾಯಿತು. 1976ರಲ್ಲಿ ನಾಲ್ಕು ಸುದ್ದಿಸಂಸ್ಥೆಗಳನ್ನು ಸೇರಿಸಿ ‘ಸಮಾಚಾರ್’ ಎಂಬ ಒಂದನ್ನೇ ಮಾಡಿದರು. ನಮ್ಮ ರಸ್ತೆಗಳಲ್ಲಿ ಮೂಡಿದ ಘೋಷಣೆ ‘ಮಾತು ಕಡಿಮೆ, ಹೆಚ್ಚು ದುಡಿಮೆ’. ಪ್ರಾಸ ಚೆನ್ನಾಗಿದೆ, ಕೇಳಿದ್ದೂ ಸ್ಪಷ್ಟವಾಗಿದೆ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದವರು ಇಲ್ಲಿಯೇ ಬಂಧಿತರಾಗಿ ಸೆಂಟ್ರಲ್ ಜೈಲು ಸೇರಿದರು. ಅದೇ ಜೈಲಿನಲ್ಲಿ 1976ರ ಮೇ ತಿಂಗಳಿಂದ ಇದ್ದ ನಟಿ ಸ್ನೇಹಲತಾ ರೆಡ್ಡಿ ಅವರಿಗೆ ತೀವ್ರ ಆಸ್ತಮಾ ಇತ್ತು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಒಬ್ಬರನ್ನು ಒಳಗೆ ಹಾಕಿದ ಸುದ್ದಿ ಬಾಯಿಂದ ಬಾಯಿಗೆ ಹೋದರೆ ಸಾಕು, ನೂರು ಜನ ತಾವಾಗಿಯೇ ದನಿ ತಗ್ಗಿಸುತ್ತಾರೆ.

ಮುಚ್ಚಿದ ಬಾಯಿಗಳಿಂದ ಆಳುವವರಿಗೂ ಸತ್ಯ ತಲುಪುವುದಿಲ್ಲ. 1977ರ ಮಾರ್ಚಿನ ಲೋಕಸಭಾ ಚುನಾವಣೆಯಲ್ಲಿ, ತುರ್ತು ಪರಿಸ್ಥಿತಿ ಹೇರಿದ್ದ ಪ್ರಧಾನಿ ಇಂದಿರಾ ಗಾಂಧಿ ಸ್ವತಃ ರಾಯ್‌ಬರೇಲಿಯಲ್ಲಿ ಸೋತರು. ಆದರೆ ಅದೇ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿನ ಪಾಲಾಯಿತು. ಬಲವಂತದ ಸಂತಾನಹರಣದ ಏಟು ಉತ್ತರದಷ್ಟು ಇಲ್ಲಿ ಬಿದ್ದಿರಲಿಲ್ಲ, ದೇವರಾಜ ಅರಸರ ಭೂಸುಧಾರಣೆ ಜನರ ಕಣ್ಣ ಮುಂದಿತ್ತು. ಪಕ್ಕದ ರಾಜ್ಯದವರ ಭಯ ನಮಗೆ ಕಾಣುವುದಿಲ್ಲ ಎಂಬ ಅಪ್ರಿಯ ಸಂಗತಿಯೂ ಈ ಲೆಕ್ಕದೊಳಗಿದೆ.

ಈಗ ನಿಮ್ಮ ಪಟ್ಟಿ. ಎರಡು ವರ್ಷದ ಹಿಂದೆ ಟಿವಿ ಚರ್ಚೆಗೆ ಬರುತ್ತಿದ್ದು ಈಗ ಕಾಣದವರು ಯಾರು? ಸಂಘದ ಸಭೆಯಲ್ಲಿ ಪ್ರಶ್ನೆ ಕೇಳುತ್ತಿದ್ದು ಈಗ ಕೇಳದವರು ಯಾರು? ನೀವೇ ಟೈಪ್ ಮಾಡಿ ಅಳಿಸಿದ ಸಂದೇಶಗಳು ವಾರಕ್ಕೆ ಎಷ್ಟು? ಮೂರನೆಯದು ಅತ್ಯಂತ ನಂಬಲರ್ಹ ಅಂಕಿ, ಬೇರೆ ಯಾರಿಂದಲೂ ಸಿಗದು.

ಹಂತ 8: ಹೆದರಿದವರ ಜೊತೆ ಮಾತಾಡುವುದು

ಕುಟುಂಬದ ಗುಂಪಿನಲ್ಲಿ ಚಿಕ್ಕಪ್ಪ ಒಂದು ವಿಡಿಯೋ ಹಾಕಿದ್ದಾರೆ ಎಂದುಕೊಳ್ಳಿ. ಗುಂಪಿನಲ್ಲೇ ‘ಇದು ಸುಳ್ಳು’ ಎಂದು ಬರೆದರೆ ಕೆಲಸ ಕೆಟ್ಟಿತು. ನಲವತ್ತು ಜನರ ಮುಂದೆ ಹಿರಿಯರ ಮುಖ ಉಳಿಸುವ ಪ್ರಶ್ನೆ ಬಂದು, ವಿಡಿಯೋದ ವಿಷಯ ಹಿಂದೆ ಸರಿಯುತ್ತದೆ. ಫೋನ್ ಮಾಡಿ. “ಚಿಕ್ಕಪ್ಪ, ನೀವು ಹಾಕಿದ ವಿಡಿಯೋ ನೋಡಿದೆ, ನನಗೂ ಗಾಬರಿ ಆಯ್ತು. ನಿಮಗೆ ಯಾರು ಕಳಿಸಿದ್ರು?” ಎಂದು ಶುರುಮಾಡಿ. ಅವರ ಭಯದಲ್ಲಿ ನಿಜವಿರುವ ಭಾಗವನ್ನು ಮೊದಲು ಒಪ್ಪಿಕೊಳ್ಳಿ, ಊರಿನಲ್ಲಿ ಕಳ್ಳತನ ಆಗಿರುವುದು ನಿಜವಾದರೆ ನಿಜ ಎನ್ನಿ. ಆಮೇಲೆ ಹಳೆಯ ಮೂಲ ಚಿತ್ರವನ್ನು ಅವರಿಗೊಬ್ಬರಿಗೇ ಕಳಿಸಿ, ಗುಂಪಿನಲ್ಲಿ ತಿದ್ದುಪಡಿ ಹಾಕುವ ಅವಕಾಶ ಅವರಿಗೇ ಬಿಡಿ. “ಪರಿಶೀಲಿಸಿ ನೋಡಿದೆ, ಹಳೆಯದಂತೆ” ಎಂದು ಅವರೇ ಬರೆದರೆ ನಿಮ್ಮ ಹತ್ತು ಲಿಂಕುಗಳಿಗಿಂತ ಹೆಚ್ಚು ಜನ ನಂಬುತ್ತಾರೆ.

ನೀವೇ ಬರೆಯಬೇಕಾಗಿ ಬಂದರೆ ಸತ್ಯದಿಂದ ಶುರುಮಾಡಿ, ಸುಳ್ಳನ್ನು ನಡುವೆ ಒಂದೇ ಸಲ ಹೇಳಿ, ಮತ್ತೆ ಸತ್ಯಕ್ಕೆ ಬನ್ನಿ. ‘ಮಕ್ಕಳ ಕಳ್ಳರು ಬಂದಿಲ್ಲ’ ಎಂಬ ತಲೆಬರಹ ಓದಿದವರಿಗೆ ವಾರದ ನಂತರ ನೆನಪುಳಿಯುವುದು ‘ಮಕ್ಕಳ ಕಳ್ಳರು’ ಮಾತ್ರ ಇರಬಹುದು.

ಕೊನೆಯ ಹಂತ: ಅವಧಿಯ ಮೇಲೆ ಕಣ್ಣು

ತುರ್ತು ಪರಿಸ್ಥಿತಿಯ ಅನುಭವದಿಂದ 1978ರ 44ನೇ ತಿದ್ದುಪಡಿ ಬಂತು. ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಮಾತನ್ನು ತೆಗೆದು ‘ಸಶಸ್ತ್ರ ದಂಗೆ’ ಎಂದು ಬಿಗಿ ಮಾಡಿದರು. ಸಂಪುಟದ ನಿರ್ಧಾರ ಬರಹದಲ್ಲಿ ಇರಲೇಬೇಕು. ಒಂದು ತಿಂಗಳೊಳಗೆ ಸಂಸತ್ತಿನ ಎರಡೂ ಸದನ ವಿಶೇಷ ಬಹುಮತದಿಂದ ಒಪ್ಪದಿದ್ದರೆ ಘೋಷಣೆ ಬಿದ್ದುಹೋಗುತ್ತದೆ, ಒಪ್ಪಿದರೂ ಆರಾರು ತಿಂಗಳಿಗೆ ಮತ್ತೆ ಕೇಳಬೇಕು. 1933ರ ‘ಮುಂದಿನ ಆದೇಶದವರೆಗೆ’ ಎಂಬ ಮಾತಿಗೆ ಇದು ನೇರ ಉತ್ತರ.

ಮನೆಯಲ್ಲೂ ಅದೇ ಕ್ರಮ ಇಟ್ಟುಕೊಳ್ಳಬಹುದು. ಯಾವುದಾದರೂ ಭಯದ ಹೆಸರಿನಲ್ಲಿ ಹೊಸ ನಿರ್ಬಂಧ ಬಂದ ದಿನ, ಅದು ರಾಜ್ಯದ್ದಿರಲಿ, ನಿಮ್ಮ ಅಪಾರ್ಟ್‌ಮೆಂಟ್ ಸಂಘದ್ದಿರಲಿ, ಫೋನಿನ ಕ್ಯಾಲೆಂಡರಿನಲ್ಲಿ 180 ದಿನ ಮುಂದಕ್ಕೆ ಒಂದು ಜ್ಞಾಪನೆ ಹಾಕಿ. ಅದರಲ್ಲಿ ಮೂರು ವಾಕ್ಯ ಬರೆದಿಡಿ: ಏನಾಗುತ್ತದೆ ಎಂದು ಹೆದರಿಸಿದರು, ಏನು ತೆಗೆದುಕೊಂಡರು, ಯಾವಾಗ ವಾಪಸು ಕೊಡುತ್ತೇವೆ ಎಂದರು. ಫೋನು ಸದ್ದು ಮಾಡಿದ ದಿನ ಮೂರನೆಯ ವಾಕ್ಯವನ್ನು ಮೊದಲು ಓದಿ.